‘ಬರುವುದಿಲ್ಲ’ ಮತ್ತು ‘ಬಂದಿಲ್ಲ’: ವಿದ್ಯಾರ್ಥಿಗಳ ಸೋಲುಗೆಲವಿನ ಕಾರಣವಿಚಾರ

೧

ಪರೀಕ್ಷೆಯ ಫಲಿತಾಂಶವೆಂಬುದು ಕೇವಲ ಒಂದು ಸಂಖ್ಯೆ. ಆದರೆ ಆ ಸಂಖ್ಯೆ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದೊಡನೆ ಅದಕ್ಕೊಂದು ಕಾರಣ ಬೇಕಾಗುತ್ತದೆ. ‘ಏಕೆ ಹೀಗಾಯಿತು?’ ಎಂದು ತಂದೆತಾಯಿಗಳು ಕೇಳುತ್ತಾರೆ, ನೆರೆಹೊರೆಯವರು ಕೇಳುತ್ತಾರೆ. ಯಾರೂ ಕೇಳದಿದ್ದರೆ ವಿದ್ಯಾರ್ಥಿಯು ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ. ಈ ಪ್ರಶ್ನೆಗೆ ಆತನು ಕೊಡುವ ಉತ್ತರವು ಮುಗಿದುಹೋದ ಪರೀಕ್ಷೆಯ ವಿವರಣೆಯಾಗಿ ಮಾತ್ರ ಉಳಿಯುವುದಿಲ್ಲ. ಮುಂದಿನ ಪರೀಕ್ಷೆಗೆ ಆತನು ಪುಸ್ತಕವನ್ನು ತೆರೆಯುವನೋ ಇಲ್ಲವೋ ಎಂಬುದನ್ನು ಅದು ಬಹುಮಟ್ಟಿಗೆ ಗೊತ್ತುಮಾಡುತ್ತದೆ.

ಇದನ್ನು ಕೇವಲ ಪಂಡಿತರ ಚರ್ಚೆಗೆ ಬಿಡತಕ್ಕ ವಿಷಯವೆಂದು ಭಾವಿಸಲಾಗದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಆತ್ಮಹತ್ಯೆಗಳ ಕಾರಣಗಳನ್ನು ಪಟ್ಟಿಮಾಡುವಾಗ ‘ಪರೀಕ್ಷೆಯಲ್ಲಿ ಅನುತ್ತೀರ್ಣತೆ’ ಎಂಬುದಕ್ಕೆ ಪ್ರತ್ಯೇಕವಾದ ಒಂದು ಕಲಮನ್ನೇ ಇರಿಸಿದೆ. ೨೦೨೨ರಲ್ಲಿ, ಎಲ್ಲ ಕಾರಣಗಳೂ ಸೇರಿ, ಹೀಗೆ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳ ಸಂಖ್ಯೆ ೧೩,೦೦೦ವನ್ನು ಮೀರಿತು. ಅಂಕಪಟ್ಟಿಯ ಅಂಕೆಗೆ ಜೀವವನ್ನು ತೆಗೆಯುವ ಶಕ್ತಿಯಿಲ್ಲ. ಆ ಅಂಕೆಗೆ ‘ನಾನು ಇಷ್ಟೇ, ಇನ್ನು ಮುಂದೆಯೂ ಇಷ್ಟೇ’ ಎಂಬ ಅರ್ಥ ಕೂಡಿಕೊಂಡಾಗ ಅದು ಭಾರವಾಗುತ್ತದೆ. ಆ ಅರ್ಥವು ಎಲ್ಲಿಂದ ಬರುತ್ತದೆ, ಅದು ಎಷ್ಟರಮಟ್ಟಿಗೆ ನಿಜ, ಯಾರು ಅದನ್ನು ಕಲಿಸುತ್ತಾರೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಪಾಶ್ಚಾತ್ಯ ಮನೋವಿಜ್ಞಾನಿಗಳು ಈ ವಿಷಯದಲ್ಲಿ ರೂಪಿಸಿದ ಸಿದ್ಧಾಂತವನ್ನು ಮೊದಲು ನೋಡಿ, ಅನಂತರ ನಮ್ಮ ಭಾಷೆಯ ಪ್ರಯೋಗಗಳನ್ನೂ ನಮ್ಮ ಕಾವ್ಯಮೀಮಾಂಸೆಯ ಒಂದು ಹಳೆಯ ಚರ್ಚೆಯನ್ನೂ ಅದರ ಎದುರಿಗೆ ಇಟ್ಟು ತೂಗಿ ನೋಡೋಣ.

೨

ಆಸ್ಟ್ರಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫ್ರಿಟ್ಸ್ ಹೈಡರನು ೧೯೫೮ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಚಾರಕ್ಕೆ ತಳಹದಿಯನ್ನು ಹಾಕಿತು. ಜನಸಾಮಾನ್ಯನೂ ತನ್ನ ಮಟ್ಟಿಗೆ ಒಬ್ಬ ಕಾರಣಶೋಧಕನೇ ಎಂಬುದು ಆತನ ಮೂಲಭೂತವಾದ ಮಾತು. ಒಂದು ಕಾರ್ಯವನ್ನು ಕಂಡಾಗ ನಾವು ‘ಅವನು ಮಾಡಬಲ್ಲನೇ?’ ಎಂದೂ, ‘ಅವನು ಯತ್ನಿಸಿದನೇ?’ ಎಂದೂ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುತ್ತೇವೆ ಎಂದು ಆತನು ಗುರುತಿಸಿದನು. ಈ ಎಳೆಯನ್ನು ಹಿಡಿದು ಶಾಲೆಯ ಸೋಲುಗೆಲವುಗಳಿಗೆ ಅನ್ವಯಿಸಿದವನು ಕ್ಯಾಲಿಫೋರ್ನಿಯದ ಬರ್ನಾರ್ಡ್ ವೈನರ್. ೧೯೭೧ರಿಂದ ಮೊದಲುಗೊಂಡು ಆತನೂ ಆತನ ಸಹೋದ್ಯೋಗಿಗಳೂ ವಿದ್ಯಾರ್ಥಿಗಳು ಕೊಡುವ ಕಾರಣಗಳನ್ನು ಮುಖ್ಯವಾಗಿ ನಾಲ್ಕೆಂದು ಎಣಿಸಿದರು: ಸಾಮರ್ಥ್ಯ, ಪ್ರಯತ್ನ, ಕೆಲಸದ ಕಠಿಣತೆ, ಅದೃಷ್ಟ. ಇವುಗಳಲ್ಲಿ ಮೊದಲಿನ ಎರಡು ವಿದ್ಯಾರ್ಥಿಯ ಒಳಗಿನವು, ಕೊನೆಯ ಎರಡು ಹೊರಗಿನವು. ಹಾಗೆಯೇ ಸಾಮರ್ಥ್ಯ ಮತ್ತು ಕಠಿಣತೆಗಳು ಬದಲಾಗದೆ ನಿಲ್ಲುವಂಥವು. ಪ್ರಯತ್ನ ಮತ್ತು ಅದೃಷ್ಟಗಳು ಸಲದಿಂದ ಸಲಕ್ಕೆ ಬದಲಾಗುವಂಥವು. ೧೯೭೯ರಲ್ಲಿ ವೈನರನು ಮೂರನೆಯ ಒಂದು ಅಳತೆಯನ್ನೂ ಸೇರಿಸಿದನು: ಆ ಕಾರಣವು ವಿದ್ಯಾರ್ಥಿಯ ಕೈಯಲ್ಲಿದೆಯೋ ಇಲ್ಲವೋ ಎಂಬುದೇ ಅದು.

ಈ ಸಿದ್ಧಾಂತವನ್ನು ನಾವು ‘ಕಾರಣಾರೋಪ ಸಿದ್ಧಾಂತ’ ಎಂದು ಕರೆಯಬಹುದು. ‘ಆರೋಪ’ ಎಂಬ ಶಬ್ದಕ್ಕೆ ಒಂದರ ಮೇಲೆ ಇನ್ನೊಂದನ್ನು ಹೊರಿಸುವುದೆಂಬ ಅರ್ಥವೂ ಉಂಟು, ತಪ್ಪನ್ನು ಹೊರಿಸುವುದೆಂಬ ಅರ್ಥವೂ ಉಂಟು. ಇಲ್ಲಿ ಎರಡೂ ಸಲ್ಲುತ್ತವೆ.

ಸಿದ್ಧಾಂತದ ಪ್ರಯೋಜನವು ಸ್ಪಷ್ಟವಾಗಿದೆ. ಗಣಿತದಲ್ಲಿ ಅನುತ್ತೀರ್ಣನಾದ ಹುಡುಗನು ‘ನನಗೆ ತಲೆಯಿಲ್ಲ’ ಎಂದುಕೊಂಡರೆ, ತಲೆಯು ಬದಲಾಗುವ ವಸ್ತುವಲ್ಲವಾದುದರಿಂದ, ಮುಂದಿನ ಸಲವೂ ಸೋಲನ್ನೇ ನಿರೀಕ್ಷಿಸುತ್ತಾನೆ. ಆತನಲ್ಲಿ ಹುಟ್ಟುವುದು ನಾಚಿಕೆ. ‘ಸಾಲದಷ್ಟು ಓದಿದೆ’ ಎಂದುಕೊಂಡರೆ ಆತನಲ್ಲಿ ಹುಟ್ಟುವುದು ಪಶ್ಚಾತ್ತಾಪ, ಅದಕ್ಕೆ ಪ್ರಾಯಶ್ಚಿತ್ತವುಂಟು. ಸೋಲು ಒಂದೇ, ಅಂಕವೂ ಒಂದೇ. ಕಾರಣವನ್ನು ಇರಿಸಿದ ಸ್ಥಾನವು ಮಾತ್ರ ಬೇರೆ. ಇಷ್ಟನ್ನು ತೋರಿಸಿಕೊಟ್ಟುದು ಈ ಸಿದ್ಧಾಂತದ ಹಿರಿಮೆ; ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

೩

ಇನ್ನು ಕನ್ನಡದ ಮಾತುಗಳನ್ನು ನೋಡೋಣ. ನಮ್ಮ ಮಕ್ಕಳು ಸೋಲುಗೆಲವುಗಳನ್ನು ಕುರಿತು ಆಡುವ ಮಾತುಗಳ ಕ್ರಿಯಾಪದಗಳನ್ನು ಗಮನಿಸಿದರೆ ವೈನರನ ಕೋಷ್ಟಕವು ಅಲ್ಲಿ ಮೊದಲೇ ಅಡಗಿ ಕುಳಿತಿರುವುದು ಕಾಣುತ್ತದೆ.

ಗೆದ್ದ ಹುಡುಗನು ‘ತೊಂಬತ್ತು ತೆಗೆದೆ’ ಎನ್ನುತ್ತಾನೆ. ಸೋತವನು ‘ಮೂವತ್ತು ಬಂತು’ ಎನ್ನುತ್ತಾನೆ. ಮೊದಲನೆಯ ವಾಕ್ಯದಲ್ಲಿ ‘ನಾನು’ ಕರ್ತೃ. ಎರಡನೆಯದರಲ್ಲಿ ಅಂಕವೇ ಕರ್ತೃವಾಗಿ ತಾನಾಗಿ ನಡೆದುಬಂದಿದೆ. ಸೋಲು ಇನ್ನೂ ನೋಯಿಸಿದರೆ ‘ಮೇಷ್ಟ್ರು ಮಾರ್ಕು ಕೊಡಲಿಲ್ಲ’ ಎಂದಾಗುತ್ತದೆ. ‘ಗಣಿತ ಹೋಯಿತು’, ‘ಇಂಗ್ಲಿಷು ಕೈಕೊಟ್ಟಿತು’ ಎಂಬ ಪ್ರಯೋಗಗಳಲ್ಲಿ ಆ ಆ ವಿಷಯಗಳೇ ನಂಬಿಸಿ ಮೋಸಮಾಡಿದ ಗೆಳೆಯರಂತೆ ನಿಂತಿವೆ. ಗೆಲವನ್ನು ತನ್ನದೆಂದೂ ಸೋಲನ್ನು ಹೊರಗಿನದೆಂದೂ ಹೇಳಿಕೊಳ್ಳುವ ಮನುಷ್ಯಸಹಜವಾದ ಒಲವನ್ನು ಕುರಿತು ೧೯೭೫ರಲ್ಲಿ ಮಿಲ್ಲರ್ ಮತ್ತು ರಾಸ್ ಎಂಬ ವಿದ್ವಾಂಸರು ವಿಸ್ತಾರವಾಗಿ ಚರ್ಚಿಸಿದ್ದಾರೆ. ನಮ್ಮಲ್ಲಿ ಆ ಚರ್ಚೆಯ ಸಾರವು ‘ತೆಗೆ’, ‘ಬರು’, ‘ಕೊಡು’ ಎಂಬ ಮೂರು ಧಾತುಗಳಲ್ಲಿ ಅಡಕವಾಗಿದೆ.

ಆದರೆ ಇಲ್ಲಿಯೇ ಒಂದು ಎಚ್ಚರಿಕೆಯೂ ಅಗತ್ಯ. ಅದೇ ಗೆದ್ದ ಹುಡುಗನನ್ನು ಸಮಾರಂಭದ ವೇದಿಕೆಯಲ್ಲಿ ನಿಲ್ಲಿಸಿ ಕೇಳಿದರೆ ‘ಗುರುಹಿರಿಯರ ಆಶೀರ್ವಾದ, ದೇವರ ದಯೆ’ ಎನ್ನುತ್ತಾನೆ. ಅದನ್ನು ಕೇಳಿ ಈತನು ಗೆಲವನ್ನು ಹೊರಗಿನ ಕಾರಣಕ್ಕೆ ಒಪ್ಪಿಸಿದನೆಂದು ಪ್ರಶ್ನಾವಳಿಯಲ್ಲಿ ಗುರುತುಹಾಕುವ ಸಂಶೋಧಕನು ಮೋಸಹೋದಂತೆ. ಅದು ನಮ್ಮ ಸಮಾಜದ ವಿನಯೋಪಚಾರ. ಹಾಗೆಯೇ ಮೊಮ್ಮಗನು ಅನುತ್ತೀರ್ಣನಾದಾಗ ಅಜ್ಜಿಯು ‘ಅವನ ಹಣೆಬರಹ’ ಎಂದರೆ ಅದು ವಿಧಿವಾದವಲ್ಲ, ಸಾಂತ್ವನ. ಹಣೆಬರಹದ ಮಾತು ನಮ್ಮ ಮನೆಗಳಲ್ಲಿ ಫಲಿತಾಂಶದ ತರುವಾಯ ಬರುತ್ತದೆಯೇ ಹೊರತು ಮೊದಲಲ್ಲ. ಪರೀಕ್ಷೆಗೆ ಮುಂಚೆ ಅದೇ ಅಜ್ಜಿ ಹುಡುಗನನ್ನು ನಸುಕಿನಲ್ಲಿಯೇ ಎಬ್ಬಿಸಿ ಓದಲು ಕೂರಿಸುತ್ತಾಳೆ. ಕಾರಣವನ್ನು ಹೇಳುವವರು ಯಾರು, ಯಾರಿಗೆ ಹೇಳುತ್ತಿದ್ದಾರೆ, ಯಾವಾಗ ಹೇಳುತ್ತಿದ್ದಾರೆ ಎಂಬುದನ್ನು ಬಿಟ್ಟು ಕಾರಣವನ್ನಷ್ಟೇ ಎತ್ತಿ ಎಣಿಸುವುದರಲ್ಲಿ ಈ ಅಪಾಯವಿದೆ.

ಎಲ್ಲಕ್ಕಿಂತ ಗಮನಾರ್ಹವಾದುದು ‘ಬರು’ ಧಾತುವಿನ ನಿಷೇಧರೂಪಗಳು. ಕನ್ನಡದಲ್ಲಿ ವಿದ್ಯೆಯು ಮನುಷ್ಯನ ಗುಣವಾಗಿ ತೋರುವುದಿಲ್ಲ; ಅವನ ಬಳಿಗೆ ಬರುವ ಒಂದು ವಸ್ತುವಾಗಿ ತೋರುತ್ತದೆ. ‘ನನಗೆ ಈಜು ಬರುತ್ತದೆ’, ‘ಅವಳಿಗೆ ಇಂಗ್ಲಿಷು ಬರುತ್ತದೆ’ ಎನ್ನುತ್ತೇವೆ. ವಿದ್ಯೆಯನ್ನು ಪಡೆದವನು ಚತುರ್ಥಿಯಲ್ಲಿ, ಎಂದರೆ ಸ್ವೀಕರಿಸುವವನ ಸ್ಥಾನದಲ್ಲಿ ನಿಲ್ಲುತ್ತಾನೆ. ಇದು ಕನ್ನಡಕ್ಕೆ ಮಾತ್ರ ಮೀಸಲಾದ ವಿಶೇಷವಲ್ಲ. ನಾವು ಬಾಳುತ್ತಿರುವ ಈ ನಗರದ ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ಇದೇ ರೀತಿ ಉಂಟು. ಆದರೆ ನಿಷೇಧದಲ್ಲಿ ಕನ್ನಡವು ಮಾಡುವ ಭೇದ ಸೂಕ್ಷ್ಮವಾದುದು. ‘ಆ ಲೆಕ್ಕ ಬರಲಿಲ್ಲ’ ಎಂದರೆ ಅಂದಿನ ಮಾತು, ಒಂದು ಸಲದ ಮಾತು. ‘ನನಗೆ ಗಣಿತ ಬರುವುದಿಲ್ಲ’ ಎಂದರೆ ನಿನ್ನೆ, ಇಂದು, ನಾಳೆಗಳನ್ನು ಒಟ್ಟಿಗೆ ಕಟ್ಟಿದ ಮಾತು. ‘ನನಗೆ ಗಣಿತ ಇನ್ನೂ ಬಂದಿಲ್ಲ’ ಎಂದರೆ ಇಂದಿನವರೆಗಿನ ಲೆಕ್ಕವನ್ನು ಒಪ್ಪಿ ನಾಳೆಯನ್ನು ತೆರೆದಿಟ್ಟ ಮಾತು. ಇನ್ನು ಹಿಂದಿನಿಂದ ಉಳಿದುಬಂದ ‘ಬಾರದು’ ಎಂಬ ಪ್ರತಿಷೇಧರೂಪವಂತೂ ಮೂರು ಕಾಲಗಳಿಗೂ ಒಂದೇ; ‘ಅವನಿಗೆ ವಿದ್ಯೆ ಬಾರದು’ ಎಂದವನು ಮೂರು ಬಾಗಿಲುಗಳನ್ನೂ ಒಟ್ಟಿಗೆ ಮುಚ್ಚಿದಂತೆ.

ವೈನರನು ‘ಸ್ಥಿರತೆ’ ಎಂದು ಹೆಸರಿಟ್ಟ ಅಳತೆಯು ‘ಬರುವುದಿಲ್ಲ’, ‘ಬಂದಿಲ್ಲ’ಗಳ ನಡುವಿನ ಈ ಅಂತರವೇ. ವ್ಯಾಕರಣವು ಮನಸ್ಸನ್ನು ಆಳುತ್ತದೆಂದು ನಾನು ವಾದಿಸುತ್ತಿಲ್ಲ. ಎರಡು ರೂಪಗಳೂ ಭಾಷೆಯಲ್ಲಿ ಸಿದ್ಧವಾಗಿವೆ. ಮಗುವು ಯಾವುದನ್ನು ಆರಿಸಿಕೊಳ್ಳುತ್ತದೆ ಎಂಬುದು ಅದು ಮನೆಯಲ್ಲಿಯೂ ತರಗತಿಯಲ್ಲಿಯೂ ಯಾವುದನ್ನು ಹೆಚ್ಚಾಗಿ ಕೇಳಿತು ಎಂಬುದನ್ನು ಅವಲಂಬಿಸಿದೆ. ಮಗುವು ಕೊಡುವ ಕಾರಣವು ಬಹುಮಟ್ಟಿಗೆ ಎರವಲು ಪಡೆದ ಕಾರಣ.

೪

ಇಷ್ಟನ್ನು ಒಪ್ಪಿದಮೇಲೆ ಸಿದ್ಧಾಂತದ ಕೊರತೆಯನ್ನು ಹೇಳಬೇಕು. ಈ ಸಿದ್ಧಾಂತವು ವಿದ್ಯಾರ್ಥಿಯು ಭಾವಿಸಿದ ಕಾರಣವನ್ನು ಪರಿಶೀಲಿಸುತ್ತದೆ. ಆ ಭಾವನೆ ನಿಜವೇ ಎಂದು ಕೇಳುವುದು ತನ್ನ ಕೆಲಸವಲ್ಲವೆಂದು ಸುಮ್ಮನಾಗುತ್ತದೆ. ಪ್ರಯೋಗಶಾಲೆಯಲ್ಲಿ ಈ ಮೌನ ಸಹ್ಯ. ಅದೇ ಸಿದ್ಧಾಂತವನ್ನು ಶಿಕ್ಷಕರ ಕೈಗೆ ಉಪಕರಣವಾಗಿ ಕೊಟ್ಟಾಗ ಅದು ಸಹ್ಯವಲ್ಲ.

ಕೆರೊಲ್ ಡ್ವೆಕ್ ಎಂಬ ವಿದುಷಿಯು ೧೯೭೫ರಲ್ಲಿ ಪ್ರಕಟಿಸಿದ ಪ್ರಯೋಗವು ಸುಪ್ರಸಿದ್ಧವಾದುದು. ಸೋಲನ್ನು ಕಂಡೊಡನೆ ಕೈಚೆಲ್ಲುತ್ತಿದ್ದ ೧೨ ಮಕ್ಕಳನ್ನು ಆಕೆ ಎರಡು ಗುಂಪುಮಾಡಿದಳು. ಒಂದು ಗುಂಪಿಗೆ ಗೆಲ್ಲುವಂಥ ಲೆಕ್ಕಗಳನ್ನೇ ಕೊಟ್ಟಳು. ಇನ್ನೊಂದಕ್ಕೆ ನಡುನಡುವೆ ಸೋಲನ್ನೂ ಉಣಿಸಿ, ‘ಇದು ಪ್ರಯತ್ನ ಸಾಲದೆ ಆದ ಸೋಲು’ ಎಂದು ಹೇಳಿಸಿದಳು. ತರುವಾಯ ಸೋಲನ್ನು ಎದುರಿಸಿದಾಗ ಮೊದಲನೆಯ ಗುಂಪು ಹಿಂದಿನಂತೆಯೇ ಕುಗ್ಗಿತು, ಎರಡನೆಯದು ನಿಂತಿತು. ಬರಿಯ ಗೆಲವುಗಳನ್ನು ಉಣಿಸಿ ಬೆಳೆಸಿದ ಮಗುವಿಗೆ ಸೋಲನ್ನು ಅರಗಿಸುವ ಶಕ್ತಿ ಬರುವುದಿಲ್ಲ ಎಂಬ ಈ ಫಲಿತಾಂಶವು ಬೆಲೆಯುಳ್ಳದ್ದು. ಆದರೆ ಇದನ್ನೇ ಸೂತ್ರವಾಗಿ ಹಿಡಿದು, ಸೋತ ಪ್ರತಿಯೊಂದು ಮಗುವಿಗೂ ‘ನೀನು ಸಾಕಷ್ಟು ಓದಲಿಲ್ಲ’ ಎಂದು ಹೇಳುವ ಶಿಕ್ಷಕನನ್ನು ಊಹಿಸಿರಿ. ನಿಜವಾಗಿಯೂ ರಾತ್ರಿಯೆಲ್ಲ ಓದಿದ ಮಗುವಿಗೆ ಈ ಮಾತು ಎರಡು ಬಗೆಯಾಗಿ ಇರಿಯುತ್ತದೆ: ಮಾಡಿದ ಶ್ರಮ ಕಾಣದಾಯಿತು, ಶ್ರಮಪಟ್ಟೂ ಸೋತುದರಿಂದ ಉಳಿದಿರುವ ಕಾರಣ ತಲೆಯೊಂದೇ ಎಂದಾಯಿತು.

ಈ ಇಕ್ಕಟ್ಟನ್ನು ೧೯೭೯ರಲ್ಲಿ ಕವಿಂಗ್ಟನ್ ಮತ್ತು ಓಮಲಿಕ್ ಎಂಬ ಇಬ್ಬರು ಸಂಶೋಧಕರು ಎತ್ತಿ ತೋರಿಸಿದರು. ಪ್ರಯತ್ನವು ಇಬ್ಬಾಯಿಯ ಖಡ್ಗವೆಂದು ಅವರ ಅಭಿಪ್ರಾಯ. ಶ್ರಮಪಟ್ಟು ಸೋತರೆ ದಡ್ಡನೆನಿಸಿಕೊಳ್ಳಬೇಕು. ಶ್ರಮಪಡದೆ ಸೋತರೆ ಶಿಕ್ಷಕರ ಕೋಪಕ್ಕೆ ಗುರಿಯಾಗಬೇಕು. ಇವೆರಡರಲ್ಲಿ ಹಲವು ವಿದ್ಯಾರ್ಥಿಗಳು ಕೋಪವನ್ನೇ ಆರಿಸಿಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ತಂದೆತಾಯಿಗಳು ಅತಿಥಿಗಳ ಮುಂದೆ ಅಭಿಮಾನದಿಂದ ಆಡುವ ಒಂದು ಮಾತಿದೆ: ‘ಹುಡುಗ ಬಹಳ ಚುರುಕು, ಆದರೆ ಓದುವುದಿಲ್ಲ.’ ಆ ಹುಡುಗನು ಈ ಮಾತಿನ ಬೆಲೆಯನ್ನು ಬೇಗನೆ ಅರಿಯುತ್ತಾನೆ. ಓದದಿರುವವರೆಗೆ ಅವನ ಚುರುಕುತನಕ್ಕೆ ಭಂಗವಿಲ್ಲ. ಓದಿ ಸೋತರೆ ಇದ್ದ ಆ ಒಂದು ಆಸ್ತಿಯೂ ಹರಾಜಾಗುತ್ತದೆ. ಪರೀಕ್ಷೆಯ ಹಿಂದಿನ ದಿನ ‘ನಾನೇನೂ ಓದಿಲ್ಲ’ ಎಂದು ಸಾರಿಕೊಂಡು ತಿರುಗುವ ಹುಡುಗರೆಲ್ಲ ಸೋಮಾರಿಗಳಲ್ಲ. ಅವರಲ್ಲಿ ಹಲವರು ಹೆದರಿದವರು.

ಇನ್ನು ಕೋಪ ಮತ್ತು ಕರುಣೆಗಳ ವಿಷಯ. ಪ್ರಯತ್ನಿಸದೆ ಸೋತವನ ಮೇಲೆ ನಮಗೆ ಸಿಟ್ಟು ಬರುತ್ತದೆ. ಸಾಮರ್ಥ್ಯವಿಲ್ಲದೆ ಸೋತವನ ಮೇಲೆ ಮರುಕ ಬರುತ್ತದೆ ಎಂದು ವೈನರನು ಹೇಳಿದನು. ಆತನ ಶಿಷ್ಯೆ ಸಾಂಡ್ರಾ ಗ್ರಹಾಮ್ ೧೯೮೪ರಲ್ಲಿ ಇದನ್ನು ತಿರುವಿ ನೋಡಿ, ಶಿಕ್ಷಕರ ಮರುಕವನ್ನು ಕಂಡ ಮಕ್ಕಳು ತಮ್ಮ ಸಾಮರ್ಥ್ಯವೇ ಕಡಿಮೆಯೆಂದು ಊಹಿಸಿಕೊಳ್ಳುತ್ತಾರೆ ಎಂದು ತೋರಿಸಿದಳು. ‘ಪಾಪ, ಅವಳಿಗೆ ಇಷ್ಟೇ ಸಾಕು’ ಎಂಬ ದಯೆಯ ಮಾತು ಬೈಗುಳಿಗಿಂತ ಆಳವಾಗಿ ನಾಟಬಲ್ಲುದು.

ಸಾಲಕೊಡುವ ವ್ಯವಹಾರದಲ್ಲಿಯೂ ಇಂಥದೇ ಭೇದವುಂಟು. ತೀರಿಸುವ ಶಕ್ತಿಯಿದ್ದೂ ತೀರಿಸದವನನ್ನು ‘ಉದ್ದೇಶಪೂರ್ವಕ ಸುಸ್ತಿದಾರ’ನೆಂದು ರಿಸರ್ವ್ ಬ್ಯಾಂಕಿನ ನಿಯಮಗಳು ಬೇರೆಯಾಗಿ ಗುರುತಿಸುತ್ತವೆ, ಬೆಳೆ ಹೋಗಿ, ವ್ಯಾಪಾರ ಕೆಟ್ಟು ಕಟ್ಟಲಾರದವನನ್ನು ಆ ಪಟ್ಟಿಗೆ ಸೇರಿಸುವಂತಿಲ್ಲ. ಆದರೆ ಅಲ್ಲಿ ಎರಡು ಶಿಸ್ತುಗಳಿವೆ. ಮೊದಲನೆಯದು, ಯಾವುದು ಮನಸ್ಸಿಲ್ಲದ ಸುಸ್ತಿ, ಯಾವುದು ಶಕ್ತಿಯಿಲ್ಲದ ಸುಸ್ತಿ ಎಂಬುದನ್ನು ಸಾಲಗಾರನ ಬಾಯಿಮಾತಿನಿಂದಲೂ ತೀರ್ಮಾನಿಸುವುದಿಲ್ಲ, ಬ್ಯಾಂಕಿನ ಊಹೆಯಿಂದಲೂ ತೀರ್ಮಾನಿಸುವುದಿಲ್ಲ, ದಾಖಲೆಯನ್ನು ನೋಡಬೇಕು. ಎರಡನೆಯದು, ಸಾಲ ಕೆಟ್ಟರೆ ಸಾಲಗಾರನನ್ನು ಮಾತ್ರ ಪ್ರಶ್ನಿಸಿ ಕಡತವನ್ನು ಮುಚ್ಚುವುದಿಲ್ಲ. ಅದನ್ನು ಮಂಜೂರು ಮಾಡಿದ, ಮೇಲ್ವಿಚಾರಣೆ ನಡೆಸಿದ ಅಧಿಕಾರಿಯ ಹೊಣೆಗಾರಿಕೆಯನ್ನೂ ಪರಿಶೀಲಿಸುತ್ತಾರೆ. ಶಾಲೆಯಲ್ಲಿ ಈ ಎರಡು ಶಿಸ್ತುಗಳೂ ಕಾಣುವುದಿಲ್ಲ. ಸುಸ್ತಿಯ ಕಾರಣವನ್ನು ಸುಸ್ತಿದಾರನೇ ಹೇಳಬೇಕು. ಹೇಳಿದ ಕಾರಣದ ಮೇಲೆ ಅವನೇ ತೀರ್ಪನ್ನೂ ಅನುಭವಿಸಬೇಕು.

೫

ಕಾರಣಗಳನ್ನು ನಾಲ್ಕು ಪೆಟ್ಟಿಗೆಗಳಲ್ಲಿ ಹಂಚಿ ‘ನಿನ್ನದು ಯಾವುದು?’ ಎಂದು ಕೇಳುವ ಕ್ರಮವೂ ವಿಮರ್ಶಾರ್ಹವಾಗಿದೆ. ಇಲ್ಲಿ ನಮ್ಮ ಅಲಂಕಾರಶಾಸ್ತ್ರದ ‘ಕಾವ್ಯಹೇತು’ ಚರ್ಚೆಯನ್ನು ಸ್ಮರಿಸುವುದು ಅಪ್ರಸ್ತುತವಾಗಲಾರದು. ಅದು ಮೂಲತಃ ಒಬ್ಬನ ಸಿದ್ಧಿಗೆ ಕಾರಣವೇನೆಂಬ ಪ್ರಶ್ನೆಯೇ ಆಗಿದೆ.

ಕನ್ನಡದ ಕವಿರಾಜಮಾರ್ಗಕ್ಕೆ ಮುಖ್ಯ ಆಕರವಾದ ಕಾವ್ಯಾದರ್ಶದಲ್ಲಿ ದಂಡಿಯು ಸಹಜವಾದ ಪ್ರತಿಭೆ, ನಿರ್ಮಲವಾದ ವಿಪುಲ ವಿದ್ಯೆ, ಎಡೆಬಿಡದ ಅಭಿಯೋಗ ಎಂಬ ಮೂರನ್ನು ಕಾವ್ಯಸಂಪತ್ತಿಗೆ ಕಾರಣವೆಂದು ಎಣಿಸುತ್ತಾನೆ. ಅಲ್ಲಿಗೇ ನಿಲ್ಲದೆ, ಜನ್ಮಾಂತರದ ವಾಸನೆಯಿಂದ ಬರುವ ಆ ಪ್ರತಿಭೆ ಒಬ್ಬನಲ್ಲಿ ಇಲ್ಲದಿದ್ದರೂ ವಿದ್ಯೆಯಿಂದಲೂ ಯತ್ನದಿಂದಲೂ ಸೇವಿಸಿದ ವಾಗ್ದೇವಿಯು ಏನಾದರೂ ಅನುಗ್ರಹವನ್ನು ಮಾಡಿಯೇ ತೀರುತ್ತಾಳೆ ಎಂಬ ಅಭಿಪ್ರಾಯವನ್ನೂ ಸೂಚಿಸುತ್ತಾನೆ. ಈ ಮಾತಿನ ಔಚಿತ್ಯವನ್ನು ಗಮನಿಸಬೇಕು. ಯತ್ನಿಸಿದವರೆಲ್ಲ ಮಹಾಕವಿಗಳಾಗುತ್ತಾರೆಂದು ದಂಡಿಯು ಹೇಳುವುದಿಲ್ಲ. ಯತ್ನವು ವ್ಯರ್ಥವಾಗುವುದಿಲ್ಲವೆಂದಷ್ಟೇ ಹೇಳುತ್ತಾನೆ. ಅತ್ಯುಕ್ತಿಯೂ ಇಲ್ಲ, ನಿರಾಶೆಯೂ ಇಲ್ಲ.

ಹನ್ನೊಂದನೆಯ ಶತಮಾನದ ಮಮ್ಮಟನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ. ಶಕ್ತಿ, ನಿಪುಣತೆ, ಅಭ್ಯಾಸ ಎಂದು ಮೂರನ್ನು ಹೆಸರಿಸಿ, ಇವು ಮೂರೂ ಕೂಡಿ ಒಂದೇ ಹೇತುವೇ ಹೊರತು ಮೂರು ಬೇರೆಬೇರೆ ಹೇತುಗಳಲ್ಲವೆಂದು ಕಾವ್ಯಪ್ರಕಾಶದಲ್ಲಿ ಸ್ಪಷ್ಟಪಡಿಸುತ್ತಾನೆ. ಏಕವಚನದ ಈ ಆಗ್ರಹವು ಕೇವಲ ವೈಯಾಕರಣನ ಹಠವಲ್ಲ. ಅಭ್ಯಾಸವಿಲ್ಲದೆ ಶಕ್ತಿಯು ಪ್ರಕಟವಾಗದು. ನಿಪುಣತೆಯನ್ನು ಕೊಡುವ ಗುರುವೂ ಗ್ರಂಥವೂ ಇಲ್ಲದೆ ಅಭ್ಯಾಸವು ದಾರಿತಪ್ಪುವುದು. ನಿಪುಣತೆಯು ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ನೋಡುವುದರಿಂದ ಬರುತ್ತದೆಂದೂ, ಅಭ್ಯಾಸವು ಕಾವ್ಯವನ್ನು ಬಲ್ಲವರ ಶಿಕ್ಷಣದಂತೆ ನಡೆಯಬೇಕೆಂದೂ ಮಮ್ಮಟನೇ ಹೇಳುತ್ತಾನೆ. ಎಂದರೆ ಸಿದ್ಧಿಯ ಹೇತುವಿನ ಒಳಗೇ ಗುರುವಿಗೆ ಒಂದು ಸ್ಥಾನವಿದೆ. ವೈನರನ ನಾಲ್ಕು ಪೆಟ್ಟಿಗೆಗಳಲ್ಲಿ ಗುರುವಿಗೆಂದು ಪ್ರತ್ಯೇಕವಾದ ಪೆಟ್ಟಿಗೆಯಿಲ್ಲ. ತರುವಾಯದ ಬರಹಗಳಲ್ಲಿ ಆತನು ಇತರರ ನೆರವು ಮೊದಲಾದ ಕಾರಣಗಳನ್ನು ಸೇರಿಸಿದನಾದರೂ ಶಾಲೆಗಳಿಗೆ ತಲುಪಿದುದು ಹಳೆಯ ನಾಲ್ಕೇ.

೬

ಕನ್ನಡದಲ್ಲಿ ಒಂದು ಗಾದೆಯುಂಟು: ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.’ ಹೊರಗಿನ ಕಾರಣವನ್ನು ಹೇಳುವವರನ್ನು ಬಾಯಿಮುಚ್ಚಿಸಲು ಇದಕ್ಕಿಂತ ಹರಿತವಾದ ಆಯುಧವಿಲ್ಲ. ಆದರೆ ಗಾದೆಯನ್ನು ಪ್ರಯೋಗಿಸುವವರು ನೆಲವನ್ನು ಒಮ್ಮೆಯಾದರೂ ನೋಡಿದ್ದಾರೆಯೇ? ನೆಲ ನಿಜವಾಗಿಯೂ ಡೊಂಕಾಗಿದ್ದರೆ?

ಈ ನಗರದ ಕನ್ನಡಿಗರಿಗೆ ಡೊಂಕುನೆಲದ ಪರಿಚಯ ಸಾಕಷ್ಟಿದೆ. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ರಾತ್ರಿಶಾಲೆಗಳಲ್ಲಿ ಓದಿದ ಕರಾವಳಿಯ ಹುಡುಗರ ಒಂದು ತಲೆಮಾರೇ ಇತ್ತು. ಆ ಶಾಲೆಗಳಿಂದ ಉತ್ತೀರ್ಣರಾಗಿ ಉನ್ನತ ಸ್ಥಾನಗಳಿಗೆ ಏರಿದವರ ಕತೆಯನ್ನು ನಮ್ಮ ಸಂಘಗಳು ಸ್ಮರಣಸಂಚಿಕೆಗಳಲ್ಲಿ ಅಭಿಮಾನದಿಂದ ದಾಖಲಿಸಿವೆ, ಅದು ಯುಕ್ತವೇ. ಆದರೆ ನಡುವೆಯೇ ಬಿಟ್ಟುಹೋದವರು ತಮ್ಮನ್ನು ಕುರಿತು ಏನು ಹೇಳಿಕೊಂಡರು? ‘ವಿದ್ಯೆ ನನ್ನ ತಲೆಗೆ ಹತ್ತಲಿಲ್ಲ’ ಎಂಬುದು ಅಂಥವರ ಬಾಯಿಂದ ಎಷ್ಟೋ ಸಲ ಕೇಳಿಬರುವ ಮಾತು. ಬೆಳಗಿನ ಜಾವದಿಂದ ಸಂಜೆಯವರೆಗೆ ನಿಂತು ದುಡಿದ ಬಾಲಕನಿಗೆ ರಾತ್ರಿಯಲ್ಲಿ ಬೀಜಗಣಿತ ಹತ್ತದಿದ್ದರೆ ಅದು ತಲೆಯ ದೋಷವೇ, ಕಾಲಿನ ದಣಿವೇ? ಹೊರಗಿನ ಕಾರಣವನ್ನು ಒಳಗಿನದೆಂದು ಒಪ್ಪಿಕೊಂಡ ಈ ವಿನಯವನ್ನು ವೈನರನ ಕೋಷ್ಟಕವು ಕೇವಲ ‘ಸಾಮರ್ಥ್ಯ’ದ ಕೆಳಗೆ ಗುರುತುಹಾಕಿಕೊಳ್ಳುತ್ತದೆ. ಆ ಮಾತು ಸುಳ್ಳೆಂಬುದು ಕೋಷ್ಟಕಕ್ಕೆ ಕಾಣದು. ಕನ್ನಡ ಮಾಧ್ಯಮದಲ್ಲಿ ಕಲಿತು ಇಂಗ್ಲಿಷಿನ ಕಾಲೇಜಿಗೆ ಹೊಕ್ಕ ವಿದ್ಯಾರ್ಥಿನಿಯು ‘ನನಗೆ ಇಂಗ್ಲಿಷು ಬಂದಿಲ್ಲ’ ಎನ್ನಬೇಕಾದಲ್ಲಿ ‘ನಾನು ದಡ್ಡಿ’ ಎನ್ನುವುದೂ ಇಂಥದೇ ವಿಪರ್ಯಾಸ. ಫ್ರಾನ್ಸಿನ ಬೂರ್ದಿಯೂ ಮತ್ತು ಪಾಸ್ಸರೋ ೧೯೭೦ರ ತಮ್ಮ ಗ್ರಂಥದಲ್ಲಿ ಹೇಳಿದುದೂ ಬಹುಮಟ್ಟಿಗೆ ಇದನ್ನೇ: ಮನೆಯಿಂದ ಬಂದ ಬಂಡವಾಳವನ್ನು ಶಾಲೆಯು ವೈಯಕ್ತಿಕ ಯೋಗ್ಯತೆಯೆಂದು ಜಮಾ ಮಾಡಿಕೊಳ್ಳುತ್ತದೆ.

ಜಾತಿಯ ವಿಷಯದಲ್ಲಿ ಈ ಮಾತು ಇನ್ನೂ ಕಟುವಾಗುತ್ತದೆ. ವಿಶ್ವಬ್ಯಾಂಕಿನ ಪರವಾಗಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆಯವರು ಉತ್ತರಪ್ರದೇಶದ ಹಳ್ಳಿಗಳಲ್ಲಿ ಆರು ಏಳನೆಯ ತರಗತಿಗಳ ಬಾಲಕರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳನ್ನು ಬಿಡಿಸಲು ಕೊಟ್ಟು ನಡೆಸಿದ ಪ್ರಯೋಗವು ೨೦೦೪ರಲ್ಲಿ ಹೊರಬಂತು. ಜಾತಿಯನ್ನು ಹೇಳದೆ ಕೂರಿಸಿದಾಗ ಮೇಲುಜಾತಿಯ ಮತ್ತು ಕೆಳಜಾತಿಯ ಬಾಲಕರ ಸಾಧನೆಯಲ್ಲಿ ಅಂತರ ಕಾಣಲಿಲ್ಲ. ಎಲ್ಲರ ಎದುರಿನಲ್ಲಿ ಹೆಸರು, ತಂದೆಯ ಹೆಸರು, ಊರು, ಜಾತಿಗಳನ್ನು ಓದಿ ಹೇಳಿದಾಗ ಕೆಳಜಾತಿಯ ಬಾಲಕರ ಸಾಧನೆ ಇಳಿಯಿತು. ತಲೆ ಅದೇ, ಬಾಲಕರು ಅಂಥವರೇ. ನಡುವೆ ಬಂದುದು ಒಂದು ಘೋಷಣೆ. ಇನ್ನು ಗೆದ್ದವನ ಗತಿಯಾದರೂ ಏನು? ಅರವಿಂದ ಮಾಲಗತ್ತಿಯವರು ೧೯೯೪ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ಹೆಸರನ್ನಿಟ್ಟಿದ್ದಾರೆ. ಸರಕಾರದ ಸೌಲಭ್ಯಗಳನ್ನು ಪಡೆದ ದಲಿತರನ್ನು ಚುಚ್ಚಲು ಇತರರು ಬಳಸಿದ ಮಾತು ಅದು. ನಮ್ಮ ಚರ್ಚೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಒಬ್ಬನ ಗೆಲವಿನ ಕಾರಣವನ್ನು ಅವನ ಕೈಯಿಂದ ಕಿತ್ತು ಸರಕಾರದ ಕೈಗೆ ಕೊಟ್ಟ ಕಾರಣಾರೋಪ. ಸೋತರೆ ಒಳಗಿನ ಕಾರಣ, ಗೆದ್ದರೆ ಹೊರಗಿನ ಕಾರಣ: ಎರಡನ್ನೂ ಹೊರಿಸುವವರು ಬೇರೆಯವರು. ಆ ಚುಚ್ಚುಮಾತನ್ನೇ ಎತ್ತಿ ಪುಸ್ತಕದ ಮುಖಪುಟಕ್ಕೆ ಏರಿಸಿದಾಗ, ಕಾರಣವನ್ನು ಹೇಳುವ ಅಧಿಕಾರವನ್ನು ಲೇಖಕರು ಮರಳಿ ಪಡೆದಂತಾಯಿತು.

೭

ಪರೀಕ್ಷೆಯೂ ಒಂದು ಅಳತೆಗೋಲು. ಗೋಲು ಬದಲಾದರೆ ಅಳತೆಯೂ ಬದಲಾಗುತ್ತದೆ. ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ೨೦೨೩ರಲ್ಲಿ ಶೇಕಡಾ ೮೩.೮೯ ವಿದ್ಯಾರ್ಥಿಗಳು ಉತ್ತೀರ್ಣರಾದರು. ೨೦೨೪ರಲ್ಲಿ ಪರೀಕ್ಷಾ ಕೊಠಡಿಗಳನ್ನು ಕ್ಯಾಮೆರಾಗಳ ಮೂಲಕ ದೂರದಿಂದ ನೋಡುವ ವೆಬ್‌ಕಾಸ್ಟಿಂಗ್ ಏರ್ಪಾಡು ಬಂದಿತು. ಕೃಪಾಂಕವನ್ನು ಹೆಚ್ಚಿಸಿ ಕೊಟ್ಟಮೇಲೂ ಆ ವರ್ಷದ ಪ್ರಮಾಣ ಶೇಕಡಾ ೭೩.೪೦ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ನಾಡಿನ ಮಕ್ಕಳ ತಲೆ ಕುಂದಿತೆಂದು ಯಾರೂ ಹೇಳಲಿಲ್ಲ. ರಾಜ್ಯದ ಮಟ್ಟದಲ್ಲಿ ನಾವು ಎಷ್ಟು ಸಹಜವಾಗಿ ಹೊರಗಿನ ಕಾರಣವನ್ನು ಹುಡುಕಿದೆವೋ, ಅದೇ ಉದಾರತೆಯನ್ನು ಆ ವರ್ಷ ಸೋತ ಒಂದೊಂದು ಮಗುವಿಗೂ ತೋರಿಸಿದೆವೆಂದು ಹೇಳುವುದು ಕಷ್ಟ.

ಅದೇ ವರ್ಷ ಇನ್ನೊಂದು ಬದಲಾವಣೆಯೂ ಆಯಿತು. ಮುಖ್ಯಪರೀಕ್ಷೆ, ಪೂರಕಪರೀಕ್ಷೆ ಎಂಬ ಹಳೆಯ ಹೆಸರುಗಳು ಹೋಗಿ ಪರೀಕ್ಷೆ-೧, ಪರೀಕ್ಷೆ-೨, ಪರೀಕ್ಷೆ-೩ ಎಂದಾಯಿತು. ಮೂರರಲ್ಲಿ ಉತ್ತಮವಾದ ಅಂಕವನ್ನು ವಿದ್ಯಾರ್ಥಿ ಉಳಿಸಿಕೊಳ್ಳಬಹುದಾಗಿತ್ತು. ಈ ಏರ್ಪಾಡಿನ ಆಡಳಿತದೋಷಗಳು ಏನೇ ಇರಲಿ, ಅದರ ವ್ಯಾಕರಣ ಸರಿಯಾಗಿದೆ. ‘ಪೂರಕ’ವೆಂಬುದು ಬಿದ್ದವರ ಪಂಕ್ತಿ; ‘ಎರಡನೆಯ’ದೆಂಬುದು ಎಲ್ಲರ ಸರದಿ. ಸಂಸ್ಥೆಯೇ ‘ಬರುವುದಿಲ್ಲ’ವನ್ನು ಬಿಟ್ಟು ‘ಬಂದಿಲ್ಲ’ ಎಂದು ನುಡಿದಂತಾಯಿತು.

ಆದರೆ ಮಾತು ಬದಲಾದರೆ ಸಾಲದು. ಸಾಮರ್ಥ್ಯವು ಬೆಳೆಯುವಂಥದೆಂಬ ಪಾಠವನ್ನು ಅಮೆರಿಕದ ಸುಮಾರು ೧೨,೦೦೦ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ ೨೦೧೯ರಲ್ಲಿ ಹೊರಬಂತು. ಹಿಂದುಳಿದ ವಿದ್ಯಾರ್ಥಿಗಳ ಅಂಕದಲ್ಲಿ ಏರಿಕೆಯಾಯಿತು, ಆದರೆ ಅಲ್ಪ. ಶಾಲೆಯ ಸಹಪಾಠಿಗಳ ರೂಢಿ ಆ ಪಾಠಕ್ಕೆ ಅನುಕೂಲವಾಗಿದ್ದ ಕಡೆ ಆ ಏರಿಕೆ ನಿಂತಿತು. ಎಂದರೆ ‘ಇನ್ನೂ ಬಂದಿಲ್ಲ’ ಎಂಬ ನುಡಿಗೆ ಬೆಂಬಲವಾಗಿ ಬರುವ ದಾರಿಯನ್ನು ಯಾರಾದರೂ ತೆರೆದಿಡಬೇಕು. ದಾರಿಯನ್ನು ತೆರೆಯದೆ ಆಶೆಯನ್ನಷ್ಟೇ ಕಲಿಸಿದರೆ, ಮೂರನೆಯ ಪರೀಕ್ಷೆಯ ತರುವಾಯ ಮಗುವು ‘ಬಾರದು’ ಎಂಬಲ್ಲಿಗೇ ಮರಳುತ್ತದೆ. ಈ ಸಲ ಇನ್ನೂ ಗಟ್ಟಿಯಾದ ನಂಬಿಕೆಯಿಂದ.

೮

ಆದುದರಿಂದ, ವಿದ್ಯಾರ್ಥಿಯು ಕೊಡುವ ಕಾರಣವನ್ನು ಎರಡು ಒರೆಗಳಿಗೆ ಹಚ್ಚಬೇಕೆಂದು ನನಗೆ ತೋರುತ್ತದೆ. ಅದು ತೆರೆದ ಕಾರಣವೇ, ಎಂದರೆ ನಾಳೆ ಮಾಡಬಹುದಾದ ಏನನ್ನಾದರೂ ಉಳಿಸುತ್ತದೆಯೇ ಎಂಬುದು ಮೊದಲನೆಯ ಒರೆ. ಇದನ್ನು ನಾವು ವೈನರನಿಂದ ಕಲಿಯಬಹುದು. ಅದು ನಿಜವಾದ ಕಾರಣವೇ ಎಂಬುದು ಎರಡನೆಯ ಒರೆ. ಇದನ್ನು ಆತನ ಸಿದ್ಧಾಂತವು ನಮಗೆ ಕೊಡುವುದಿಲ್ಲ. ತೆರೆದಿದ್ದೂ ಸುಳ್ಳಾದ ಕಾರಣವು ಮಗುವನ್ನು ವಂಚಿಸುತ್ತದೆ. ನಿಜವಾಗಿದ್ದೂ ಮುಚ್ಚಿದ ಕಾರಣವಿದ್ದರೆ, ಅದನ್ನು ತೆರೆಯುವ ಹೊಣೆ ಮಗುವಿನದಲ್ಲ, ಹಿರಿಯರದು.

ಈ ವಿಚಾರವು ನಮ್ಮ ಸಂಘಗಳ ಬಾಗಿಲಿಗೂ ಬರುತ್ತದೆ. ಹೊರನಾಡಿನ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಗೌರವಿಸುತ್ತವೆ. ಅದಕ್ಕೆ ‘ಪ್ರತಿಭಾ ಪುರಸ್ಕಾರ’ವೆಂದು ಹೆಸರು. ದಂಡಿಯ ಮೂರು ಕಾರಣಗಳಲ್ಲಿ ಹುಟ್ಟಿನೊಡನೆ ಬರುವ ಒಂದನ್ನೇ ಎತ್ತಿಕೊಂಡು, ವಿದ್ಯೆಯನ್ನೂ ಅಭಿಯೋಗವನ್ನೂ ಕೆಳಗೆ ಬಿಟ್ಟ ಹೆಸರು ಅದು. ವೇದಿಕೆಯ ಮೇಲಿನ ಮಗುವಿಗೆ ‘ನಿನ್ನಲ್ಲಿ ಪ್ರತಿಭೆಯುಂಟು’ ಎಂದು ಹೇಳುವಾಗಲೇ ಸಭೆಯಲ್ಲಿ ಕುಳಿತ ಮಗುವಿಗೆ ಇನ್ನೊಂದು ಮಾತು ಹೇಳದೆಯೇ ತಲುಪುತ್ತದೆ. ಹೊಗಳಿಕೆಯೂ ಅಪಾಯವಿಲ್ಲದ್ದಲ್ಲ: ಬುದ್ಧಿಯನ್ನು ಹೊಗಳಿಸಿಕೊಂಡ ಮಕ್ಕಳು ಮುಂದಿನ ಸೋಲಿನಲ್ಲಿ ಶ್ರಮವನ್ನು ಹೊಗಳಿಸಿಕೊಂಡವರಿಗಿಂತ ಬೇಗ ಕುಗ್ಗಿದರೆಂದು ೧೯೯೮ರಲ್ಲಿ ಮ್ಯೂಲರ್ ಮತ್ತು ಡ್ವೆಕ್ ತೋರಿಸಿದ್ದಾರೆ. ಪುರಸ್ಕಾರವನ್ನು ನಿಲ್ಲಿಸಬೇಕೆಂದು ನನ್ನ ಸೂಚನೆಯಲ್ಲ. ಮೂವತ್ತರಿಂದ ಐವತ್ತಕ್ಕೆ ಏರಿದವರಿಗೂ, ಎರಡನೆಯ ಸಲ ಕುಳಿತು ಉತ್ತೀರ್ಣರಾದವರಿಗೂ ಅದೇ ವೇದಿಕೆಯಲ್ಲಿ ಸ್ಥಳವಿರಲಿ. ಅವರು ಹೇಗೆ ಏರಿದರು, ಯಾರು ನೆರವಾದರು ಎಂಬುದನ್ನು ಅವರ ಬಾಯಿಂದಲೇ ಸಭೆ ಕೇಳಲಿ. ಸೋತವರ ಮನೆಗೆ ಸಂಘದ ಒಬ್ಬ ಸದಸ್ಯನಾದರೂ ಹೋಗಿ, ‘ಏಕೆ ಸೋತೆ?’ ಎಂದು ಕೇಳುವ ಬದಲು ‘ಯಾವ ಪಾಠದವರೆಗೆ ಬಂದಿದೆ, ಯಾವುದರಿಂದ ಮುಂದೆ ಬಂದಿಲ್ಲ?’ ಎಂದು ಕೇಳಲಿ. ಆ ಪ್ರಶ್ನೆಗೆ ಮಗುವು ನಿಜವನ್ನೇ ಹೇಳಬಲ್ಲುದು. ಕೇಳಿದವನಿಗೂ ಆ ಉತ್ತರದಿಂದ ಮರುದಿನವೇ ಮಾಡತಕ್ಕ ಕೆಲಸ ಸಿಗುತ್ತದೆ.